ಕಲಿಸಿದ್ದೊಂದು, ಕಲಿತದ್ದೊಂದು

ನಮ್ಮ ಕಡೆ ಸುಗ್ಗಿ ಮುಗಿದು ರಾಗಿ ಕಣದಿಂದ ಮನೆಗೆ ಬಂದ ಮೇಲೆ ಕೋಲೆಬಸವ ಬರುತ್ತಿತ್ತು. ಕೊಂಬಿನ ತುದಿಗೆ ಹಿತ್ತಾಳೆಯ ಅಣಸು, ಬೆನ್ನ ಮೇಲೆ ಬಣ್ಣಬಣ್ಣದ ಜೂಲು, ಕೊರಳಿಗೆ ಗೆಜ್ಜೆ, ಪಕ್ಕದಲ್ಲಿ ಹಗ್ಗ ಹಿಡಿದ ಯಜಮಾನ. ಜಗಲಿಯ ಮುಂದೆ ನಿಂತು ಆತ ಕೇಳುವನು: "ಏನಪ್ಪಾ ಬಸವಣ್ಣ, ಈ ವರ್ಸ ಮಳೆ ಬೆಳೆ ಆಯ್ತದಾ?" ಬಸವ ಗೋಣು ಆಡಿಸುವುದು. "ಈ ಅಮ್ಮಾವ್ರ ಮನೇಲಿ ತೊಟ್ಲು ಕಟ್ತಾರಾ?" ಮತ್ತೆ ಗೋಣು. ಅಜ್ಜಿ ಮೊರದಲ್ಲಿ ರಾಗಿ ತಂದು ಅವನ ಜೋಳಿಗೆಗೆ ಸುರಿದು, ಬಸವನ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದವಳೇ ಹೇಳುತ್ತಿದ್ದಳು: "ಕೇಳಿದ್ದಕ್ಕೆಲ್ಲ ಹೂಂ ಅನ್ನೋರು ಈ ಬಸವನ್ನ ಬಿಟ್ರೆ ನಿಮ್ಮ ತಾತ ಒಬ್ರೇ ಕಣ್ರೋ." ಹಗ್ಗ ಹಿಡಿದ ಕೈ ಪ್ರತಿ ಪ್ರಶ್ನೆಯ ಕೊನೆಗೆ ಒಂದಿಷ್ಟು ಅಲುಗುವುದು ಅಜ್ಜಿಗೂ ಗೊತ್ತಿತ್ತು, ಬೀದಿಯ ಹುಡುಗರಿಗೂ ಗೊತ್ತಿತ್ತು. ಅದನ್ನು ಬಯಲಿಗೆಳೆಯಬೇಕೆಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ. ಒಂದು ಮೊರ ರಾಗಿಗೆ ಒಂದು ವರ್ಷಕ್ಕಾಗುವಷ್ಟು ಶುಭವಾರ್ತೆ ಸಿಕ್ಕರೆ ಯಾರು ಬೇಡವೆನ್ನುತ್ತಾರೆ?

ಬರ್ಲಿನ್ನಿನ ಜನ ಹಾಗೆ ಸುಮ್ಮನೆ ಬಿಡುವವರಲ್ಲ. ಅಲ್ಲಿ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟ್ರು ಹಾನ್ಸ್ ಎಂಬ ಕುದುರೆಯನ್ನು ಎದುರಿಗೆ ನಿಲ್ಲಿಸಿಕೊಂಡು, ಕರಿಹಲಗೆ ಇಟ್ಟು, ನಾಲ್ಕು ವರ್ಷ ಪಾಠ ಮಾಡಿದರು. ನಿವೃತ್ತರಾದ ಮೇಷ್ಟ್ರುಗಳ ಕೈಗೆ ಯಾರಾದರೂ ಸಿಗಲೇಬೇಕು. ಮೊಮ್ಮಕ್ಕಳು ಸಿಗದಿದ್ದರೆ ಕುದುರೆಯಾದರೂ ಸರಿ. ಹಾನ್ಸ್ ಕೂಡಿಸಿತು, ಕಳೆಯಿತು, ಭಿನ್ನರಾಶಿ ಮಾಡಿತು, ಇವತ್ತು ಯಾವ ತಾರೀಖು ಎಂದರೆ ಬಲಗಾಲಿನ ಗೊರಸನ್ನು ನೆಲಕ್ಕೆ ಅಷ್ಟು ಸಲ ಬಡಿದು ತೋರಿಸಿತು. ಮೇಷ್ಟ್ರು ಇದಕ್ಕೆ ಯಾರಿಂದಲೂ ಕಾಸು ಕೇಳುತ್ತಿರಲಿಲ್ಲ. ಅನುಮಾನ ಬರುವುದೇ ಅಲ್ಲಿ: ಕಾಸು ಕೇಳದವನು ಮೋಸ ಯಾಕೆ ಮಾಡುತ್ತಾನೆ? 1904ರಲ್ಲಿ ದೊಡ್ಡ ಸಮಿತಿಯೇ ಕೂತಿತು. ಮನಶ್ಶಾಸ್ತ್ರದ ಪ್ರೊಫೆಸರು, ಮೃಗಾಲಯದ ನಿರ್ದೇಶಕ, ಪಶುವೈದ್ಯ, ಸಾಲದೆಂದು ಸರ್ಕಸ್ಸಿನ ಯಜಮಾನ. ಎಲ್ಲ ನೋಡಿ, ಇದರಲ್ಲಿ ಕೈಚಳಕವೇನೂ ಇಲ್ಲ ಎಂದು ಷರಾ ಬರೆದು ಎದ್ದರು.

ಗುಟ್ಟು ಹಿಡಿದವನು ಆಸ್ಕರ್ ಫುಂಗ್ಸ್ಟ್ ಎಂಬ ವಿದ್ಯಾರ್ಥಿ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿರದಂತೆ ಮಾಡಿ ನೋಡಿದ. ಕುದುರೆಗೆ ಲೆಕ್ಕ ಮರೆತುಹೋಯಿತು. ಕೇಳುವವನು ಕಾಣದಂತೆ ಕಣ್ಣಿಗೆ ಪಟ್ಟಿ ಕಟ್ಟಿದ, ಆಗಲೂ ಮರೆತುಹೋಯಿತು. ನಡೆಯುತ್ತಿದ್ದದ್ದು ಇಷ್ಟೇ. ಪ್ರಶ್ನೆ ಕೇಳಿದ ಮನುಷ್ಯ ಗೊರಸು ನೋಡಲು ತನಗರಿವಿಲ್ಲದೆ ಒಂದಿಷ್ಟು ಬಾಗುತ್ತಾನೆ; ಸರಿಯಾದ ಎಣಿಕೆ ಬಂದ ಕೂಡಲೇ ಅವನ ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ; ಕುದುರೆ ಕಾಲು ನಿಲ್ಲಿಸುತ್ತದೆ. ಗುಟ್ಟು ತಿಳಿದ ಮೇಲೂ ಫುಂಗ್ಸ್ಟನಿಗೆ ತನ್ನ ತಲೆಯನ್ನು ಪೂರ್ತಿ ತಡೆಹಿಡಿಯಲು ಆಗಲಿಲ್ಲವಂತೆ. ಆಮೇಲೆ ಪ್ರಯೋಗಾಲಯದಲ್ಲಿ ತಾನೇ ಕುದುರೆಯಾಗಿ ನಿಂತ. ಎದುರಿಗಿದ್ದವರು ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆಯಬೇಕು, ಇವನು ಬೆರಳು ಬಡಿಯುತ್ತ ಹೋಗಿ ಅವರ ಮುಖ ನೋಡಿ ನಿಲ್ಲಿಸಬೇಕು. ಅವನಿಗೂ ಆ ವಿದ್ಯೆ ಬಂತು.

ಮೇಷ್ಟ್ರು ಪಾಪ ಕುದುರೆಯ ಮೇಲೆ ಸಿಟ್ಟಾದರು, ಅದು ತನಗೆ ಮೋಸ ಮಾಡಿತೆಂದು. ನನಗೆ ಈ ಸಿಟ್ಟು ಅರ್ಥವಾಗುವುದಿಲ್ಲ. ಕುದುರೆ ನಪಾಸಾದದ್ದು ಗಣಿತದಲ್ಲಿ. ಅದಕ್ಕಿಂತ ಕಷ್ಟದ ಮನುಷ್ಯರ ಮುಖ ಓದುವ ವಿಷಯದಲ್ಲಿ ಅದು ರ‍್ಯಾಂಕು ತೆಗೆದುಕೊಂಡಿತ್ತು. ತಾನು ಆ ವಿಷಯ ಕಲಿಸುತ್ತಿದ್ದೇನೆಂಬುದು ಕಲಿಸಿದವರಿಗೇ ತಿಳಿಯದಿದ್ದರೆ ಅದು ಕುದುರೆಯ ತಪ್ಪೇ?

ನಮ್ಮ ಮಾಧ್ಯಮಿಕ ಶಾಲೆಯಲ್ಲಿ ಇಂಥ ಕುದುರೆಗಳು ನಲವತ್ತು ಇದ್ದೆವು. ಲೆಕ್ಕದ ಮೇಷ್ಟ್ರಿಗೆ ದಪ್ಪ ಹುಬ್ಬು. "ಏಳೆಂಟ್ಲಿ?" "ಐವತ್ನಾಲ್ಕು..." ಹುಬ್ಬು ಏರುತ್ತಿತ್ತು. "ಐವತ್ತೈದು..." ಹುಬ್ಬು ಅಲ್ಲೇ ನಿಂತಿರುತ್ತಿತ್ತು. "ಐವತ್ತಾರು!" ಹುಬ್ಬು ಇಳಿಯುತ್ತಿತ್ತು. "ನೋಡ್ರೋ, ಯೋಚನೆ ಮಾಡಿದ್ರೆ ಬರುತ್ತೆ" ಎಂದು ಮೇಷ್ಟ್ರು ಸಂತೋಷಪಡುತ್ತಿದ್ದರು. ಅವರಿಗೆ ವರ್ಗವಾಗಿ, ಬದಲಿಗೆ ಕಲ್ಲುಮುಖದ ಇನ್ನೊಬ್ಬರು ಬಂದ ವಾರವೇ ಇಡೀ ತರಗತಿಗೆ ಮಗ್ಗಿ ಮರೆತುಹೋಯಿತು. ಈಗಲೂ ನಮ್ಮ ಬ್ಯಾಚಿನವರು ಎಲ್ಲಿ ಸಿಕ್ಕರೂ ನೋಡುತ್ತೇನೆ, ಮುಖ ಓದುವುದರಲ್ಲಿ ಎತ್ತಿದ ಕೈ. ಒಬ್ಬ ರಿಯಲ್ ಎಸ್ಟೇಟಿನಲ್ಲಿದ್ದಾನೆ, ಒಬ್ಬ ರಾಜಕೀಯದಲ್ಲಿ. ಲೆಕ್ಕ ಇಬ್ಬರೂ ಬೇರೆಯವರ ಕೈಲಿ ಮಾಡಿಸುತ್ತಾರೆ.

ಹಾನ್ಸನ ವಿಚಾರಣೆ ನಡೆದ ಅದೇ 1904ರಲ್ಲಿ ರಷ್ಯಾದ ಇವಾನ್ ಪಾವ್ಲೊವ್‌ಗೆ ನೊಬೆಲ್ ಬಂತು. ಇಲಿ ಪಾರಿವಾಳಗಳ ಪಂಡಿತ ಸ್ಕಿನ್ನರ್ ಅಮೆರಿಕದಲ್ಲಿ ಹುಟ್ಟಿದ್ದೂ ಅದೇ ವರ್ಷ. ಡಿಸೆಂಬರ್ ಕೊನೆಗೆ ನಮ್ಮ ಕುವೆಂಪು ಹುಟ್ಟಿದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಕನ್ನಡಿಗನಿಗೆ 1904 ಎಂದ ಕೂಡಲೇ ಅದು ನೆನಪಾಗದೆ ಇರುವುದಿಲ್ಲ. ಹೀಗೆ ಒಂದರ ಬೆನ್ನಿಗೆ ಇನ್ನೊಂದು ತಾನಾಗಿ ಬಂದು ಅಂಟಿಕೊಳ್ಳುವುದೇ ಪಾವ್ಲೊವ್ ಕಂಡ ಸಂಗತಿ. ಅವರಿಗೆ ನೊಬೆಲ್ ಬಂದದ್ದು ಮಾತ್ರ ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಯ ಬಾಯಲ್ಲಿ ಎಷ್ಟು ಜೊಲ್ಲು, ಹೊಟ್ಟೆಯಲ್ಲಿ ಎಷ್ಟು ರಸ ಎಂದು ಅಳೆಯುತ್ತಿದ್ದವರು ಅವರು. ನಾಯಿಗಳ ಜಠರರಸವನ್ನು ಶೀಸೆಗೆ ತುಂಬಿಸಿ ಅಜೀರ್ಣಕ್ಕೆ ಔಷಧವೆಂದು ಮಾರುತ್ತಿದ್ದರು. ಪ್ರಯೋಗಾಲಯದ ಖರ್ಚಿಗೆ ಒಳ್ಳೆಯ ಆದಾಯವೇ ಬರುತ್ತಿತ್ತು. ಮದುವೆಮನೆಯಿಂದ ಬಂದು ಶುಂಠಿ ಕಷಾಯ ಕುಡಿಯುವ ನಾವು ಪುಣ್ಯವಂತರು.

ತೊಂದರೆ ಎಲ್ಲಿ ಬಂತೆಂದರೆ, ಊಟ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸತೊಡಗಿದವು. ತಟ್ಟೆ ಕಂಡರೆ ಜೊಲ್ಲು, ತಟ್ಟೆ ತರುವವನ ಹೆಜ್ಜೆ ಸಪ್ಪಳ ಕೇಳಿದರೆ ಜೊಲ್ಲು. ಅಳತೆಯೆಲ್ಲ ಕೆಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಹೆಜ್ಜೆ ಸಪ್ಪಳವಾಗದ ಚಪ್ಪಲಿ ಕೊಡಿಸಿ ಕೆಲಸ ಮುಂದುವರಿಸುತ್ತಿದ್ದರು. ಪಾವ್ಲೊವ್ ಜೀರ್ಣಕ್ರಿಯೆಯನ್ನು ಬದಿಗಿಟ್ಟು, ಮಿಕ್ಕ ಆಯುಸ್ಸನ್ನು ಈ ಕೆಟ್ಟ ಅಳತೆಯ ಹಿಂದೆಯೇ ಕಳೆದರು. ಬಿ.ಎಡ್. ಓದಿದವರೆಲ್ಲ ಪಾವ್ಲೊವ್ ಎಂದರೆ ಗಂಟೆ ಎನ್ನುತ್ತಾರೆ. ಅವರ ಪ್ರಯೋಗಾಲಯದಲ್ಲಿ ಹೆಚ್ಚು ಕೆಲಸ ಮಾಡಿದ್ದು ಸಂಗೀತದವರು ಲಯಕ್ಕೆ ಇಟ್ಟುಕೊಳ್ಳುವ ಟಕ್ ಟಕ್ ಮೆಟ್ರೊನೋಮು, ಬಜರು, ದೀಪ ಇಂಥವು. ಆದರೂ ಗಂಟೆ ಒಮ್ಮೆ ಅಂಟಿಕೊಂಡದ್ದು ಬಿಡುತ್ತಿಲ್ಲ. ಹೆಸರು ಕೇಳಿದರೆ ಸಾಕು, ಇಡೀ ಜಗತ್ತಿನ ಕಿವಿಯಲ್ಲಿ ಗಂಟೆ ಹೊಡೆಯುತ್ತದೆ.

1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ನೆವಾ ನದಿ ಉಕ್ಕಿ ಪ್ರವಾಹ ಬಂತು. ಪಾವ್ಲೊವರ ನಾಯಿಗಳ ಗೂಡುಗಳಿಗೆ ನೀರು ನುಗ್ಗಿ, ಮೂಗು ಮಾತ್ರ ನೀರಿನ ಮೇಲೆ ಉಳಿದಿತ್ತು. ಗೂಡಿನ ಬಾಗಿಲು ಕೆಳಗಡೆ ಇದ್ದುದರಿಂದ, ಕಾಯುವವರು ಅವುಗಳ ತಲೆಯನ್ನು ನೀರಿನೊಳಕ್ಕೆ ಅದುಮಿ ಹೊರಗೆಳೆದು ಬದುಕಿಸಬೇಕಾಯಿತು. ನೀರು ಇಳಿದ ಮೇಲೆ ನೋಡಿದರೆ ಹಲವು ನಾಯಿಗಳು ತಿಂಗಳುಗಟ್ಟಲೆ ಕಲಿತ ಪಾಠವನ್ನೆಲ್ಲ ಮರೆತಿದ್ದವು. ಒಂದು ನಾಯಿಗಂತೂ ಬಹಳ ದಿನ ಹಿಡಿದು ಮತ್ತೆ ಕಲಿಸಿ ಸರಿಮಾಡಿದ ಮೇಲೆ, ಕೋಣೆಯ ಬಾಗಿಲ ಕೆಳಗಿನಿಂದ ಒಂದಿಷ್ಟು ನೀರು ಹರಿದು ಬರುವಂತೆ ಬಿಟ್ಟರು. ಅಷ್ಟಕ್ಕೇ ಅದು ನಡುಗಿ, ಮತ್ತೆ ಎಲ್ಲ ಅಳಿಸಿಹೋಯಿತು. ತಿಂಗಳುಗಟ್ಟಲೆ ಮೆಟ್ರೊನೋಮು ಕಲಿಸಿದ್ದನ್ನು ನದಿ ಒಂದೇ ಪಾಠದಲ್ಲಿ ಹಿಂದೆ ಹಾಕಿತ್ತು.

ಒಂದೇ ಪಾಠದ ಕಲಿಕೆ ಎಂದರೆ ನನಗೆ ಚಿಕ್ಕಪ್ಪನ ನೆನಪು. ಯಾವುದೋ ಮದುವೆಯಲ್ಲಿ ಅನಾನಸ್ ಗೊಜ್ಜನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡು ಬಂದ ರಾತ್ರಿ ಅವರಿಗೆ ವಾಂತಿ ಶುರುವಾಯಿತು. ಕಾರಣ ಗೊಜ್ಜಲ್ಲ, ಮೊಮ್ಮಗ ಶಾಲೆಯಿಂದ ತಂದ ಸೋಂಕು ಆ ವಾರ ಮನೆಮಂದಿಯನ್ನೆಲ್ಲ ಮಲಗಿಸಿತ್ತು. ಡಾಕ್ಟರೂ ಅದನ್ನೇ ಹೇಳಿದರು. ಚಿಕ್ಕಪ್ಪ ಕೇಳಿಸಿಕೊಂಡರು, ಒಪ್ಪಿಕೊಂಡರು, ಅಂದಿನಿಂದ ಅನಾನಸ್ ಮುಟ್ಟಲಿಲ್ಲ. ಎದುರಿಗೆ ಹೆಚ್ಚಿದರೂ ಮುಖ ತಿರುಗಿಸುತ್ತಾರೆ. ವಿಶೇಷವೆಂದರೆ ಆ ಛತ್ರದ ಮೇಲೆ, ಕೂತ ಕುರ್ಚಿಯ ಮೇಲೆ, ಕಿವಿಗೆ ಬಡಿಯುತ್ತಿದ್ದ ವಾಲಗದ ಮೇಲೆ, ಸೋಂಕು ತಂದ ಮೊಮ್ಮಗನ ಮೇಲೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ. ಸಿಟ್ಟೆಲ್ಲ ಗೊಜ್ಜಿನ ಮೇಲೆ.

ಚಿಕ್ಕಪ್ಪನ ಈ ನ್ಯಾಯ ಇಲಿಗಳದ್ದೂ ಹೌದು. ಅಮೆರಿಕದ ಜಾನ್ ಗಾರ್ಸಿಯಾ ಮತ್ತು ಅವರ ಜೊತೆಗಾರ 1966ರಲ್ಲಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಇಲಿ ಸಿಹಿನೀರು ಕುಡಿಯುವಾಗಲೇ ದೀಪ ಮಿನುಗಿ ಟಕ್ ಎಂದು ಸದ್ದಾಗಬೇಕು. ಆಮೇಲೆ ಹೊಟ್ಟೆ ತೊಳಸುವಂತೆ ಮಾಡಿದರೆ ಇಲಿ ದೀಪ ಸದ್ದುಗಳನ್ನು ಬಿಟ್ಟು ಸಿಹಿಯನ್ನು ದೂರುತ್ತದೆ. ಕಾಲಿಗೆ ಶಾಕ್ ಕೊಟ್ಟರೆ ಸಿಹಿಯನ್ನು ಬಿಟ್ಟು ದೀಪ ಸದ್ದುಗಳನ್ನು ದೂರುತ್ತದೆ. ಹೊಟ್ಟೆನೋವಿಗೆ ಬಾಯಿ ಕಾರಣ, ಕಾಲುನೋವಿಗೆ ಹೊರಗಿನವರು ಕಾರಣ ಎಂದು ಇಲಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಟ್ಟೆಯ ಸಂಕಟ ತಿಂದ ಎಷ್ಟೋ ಹೊತ್ತಿನ ಮೇಲೆ ಬಂದರೂ ಈ ಪಾಠ ನಿಲ್ಲುತ್ತದೆ. ಯಾವುದನ್ನು ಯಾವುದರ ಜೊತೆ ಬೇಕಾದರೂ ಗಂಟು ಹಾಕಬಹುದು, ಗಂಟು ಬೀಳಬೇಕಾದರೆ ಎರಡರ ನಡುವೆ ಕ್ಷಣಗಳಷ್ಟೇ ಅಂತರವಿರಬೇಕು ಎಂದು ನಂಬಿದ್ದ ಪಂಡಿತರಿಗೆ ಇದು ಪಥ್ಯವಾಗಲಿಲ್ಲ. ಪತ್ರಿಕೆಗಳು ಗಾರ್ಸಿಯಾರ ಲೇಖನಗಳನ್ನು ಹಿಂದಿರುಗಿಸಿದವು. ಗೋಡೆ ಗಡಿಯಾರದ ಮರದ ಕೋಗಿಲೆ ಹಿಕ್ಕೆ ಹಾಕಿತೆಂದರೂ ನಂಬಬಹುದು, ಇದನ್ನು ನಂಬಲಾಗದು ಎಂಬರ್ಥದ ಕುಹಕವನ್ನೂ ಅವರು ಕೇಳಬೇಕಾಯಿತು. ಕಲಿಕೆಯ ಪಂಡಿತರಿಗೆ ಹೊಸದೊಂದು ಕಲಿಯಲು ಇಲಿಗಿಂತ ಹೆಚ್ಚು ಕಾಲ ಹಿಡಿಯಿತು.

ಈ ಶಾಸ್ತ್ರದ ಇತಿಹಾಸದಲ್ಲಿ ನನಗೆ ಅಚ್ಚುಮೆಚ್ಚಿನವರು ಬಾಡಿಗೆ ಮನೆಯ ಕಷ್ಟ ಅನುಭವಿಸಿದ ಎಡ್ವರ್ಡ್ ಥಾರ್ನ್‌ಡೈಕ್. ಹಾರ್ವರ್ಡಿನಲ್ಲಿ ಓದುವಾಗ ಕೋಳಿಮರಿಗಳ ಬುದ್ಧಿಯನ್ನು ಅಳೆಯಲು ಅವನ್ನು ತನ್ನ ಬಾಡಿಗೆ ಕೋಣೆಯಲ್ಲೇ ಸಾಕಿದರು. ಮನೆಯೊಡತಿ ಆಕ್ಷೇಪಿಸಿದಳು. ಬೆಂಗಳೂರಿನಲ್ಲಿ ಮೊಟ್ಟೆ ಬೇಯಿಸಿದರೇ ಮನೆ ಖಾಲಿ ಮಾಡಿಸುವವರಿದ್ದಾರೆ. ಆಕೆ ಮರಿಗಳನ್ನು ಅಷ್ಟು ದಿನ ಸಹಿಸಿದ್ದೇ ದೊಡ್ಡದು. ವಿಶ್ವವಿದ್ಯಾಲಯದಲ್ಲಿ ಜಾಗ ಸಿಗಲಿಲ್ಲ. ಕೊನೆಗೆ ಗುರುಗಳಾದ ವಿಲಿಯಂ ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟರು. ಜೇಮ್ಸರ ಮಕ್ಕಳಿಗೆ ಹಬ್ಬವೋ ಹಬ್ಬ.

ಆಮೇಲೆ ನ್ಯೂಯಾರ್ಕಿಗೆ ಹೋಗಿ ಹಸಿದ ಬೆಕ್ಕುಗಳನ್ನು ಪಟ್ಟಿ ಹೊಡೆದ ಪೆಟ್ಟಿಗೆಯೊಳಗಿಟ್ಟು, ಹೊರಗೆ ಮೀನಿಟ್ಟು, ಅವು ಅಗುಳಿ ಬಿಚ್ಚಿ ಬರಲು ಹಿಡಿಯುವ ಹೊತ್ತನ್ನು ಬರೆದಿಟ್ಟುಕೊಂಡರು. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಮೇಲೆ ಕೆಳಗೆ ಹಾರುತ್ತದೆ. ಹಾರಾಟದಲ್ಲಿ ಎಲ್ಲೋ ಕಾಲು ತಗುಲಿ ಬಾಗಿಲು ತೆರೆಯುತ್ತದೆ. ಮತ್ತೆ ಇಟ್ಟರೆ ಮತ್ತೆ ಅದೇ ರಂಪ, ಸ್ವಲ್ಪ ಕಡಿಮೆ. ಹೀಗೆ ಕಡಿಮೆಯಾಗುತ್ತ ಆಗುತ್ತ ಕೊನೆಗೆ ಇಟ್ಟ ಕೂಡಲೇ ಹೊರಗೆ. ಬೆಕ್ಕು ಯೋಚಿಸಿದ ಲಕ್ಷಣ ಎಲ್ಲೂ ಕಾಣಲಿಲ್ಲ; ಫಲ ಕೊಟ್ಟ ಚೇಷ್ಟೆ ಉಳಿಯಿತು, ಕೊಡದ್ದು ಉದುರಿತು ಎಂದು 1898ರ ತಮ್ಮ ಪ್ರಬಂಧದಲ್ಲಿ ಬರೆದರು. ಪ್ರಾಣಿಗಳ ಬುದ್ಧಿವಂತಿಕೆಯ ಕಥೆಗಳ ಬಗ್ಗೆ ಅವರಾಡಿದ ಮಾತು ಇನ್ನೂ ಚುರುಕಾಗಿದೆ. ನಾಯಿಗಳು ದಿನವೂ ಕಳೆದುಹೋಗುತ್ತವೆ, ಅದು ಯಾರಿಗೂ ಸುದ್ದಿಯಲ್ಲ. ಒಂದೇ ಒಂದು ನಾಯಿ ದೂರದಿಂದ ಮನೆಗೆ ದಾರಿ ಹುಡುಕಿಕೊಂಡು ಬಂದರೆ ಊರೆಲ್ಲ ಅದೇ ಕಥೆ. ತಮ್ಮ ಮೊಮ್ಮಗು ಎರಡನೇ ವರ್ಷಕ್ಕೇ ಮೊಬೈಲಿನ ಬೀಗ ತೆಗೆಯಿತೆಂದು ಹೇಳುವ ನನ್ನ ಗೆಳೆಯರಿಗೆ ಥಾರ್ನ್‌ಡೈಕರನ್ನು ಪರಿಚಯಿಸಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದದ್ದುಂಟು.

ಬೆಕ್ಕಿನ ಪೆಟ್ಟಿಗೆಯಲ್ಲಿ ಯೋಚಿಸಲು ಏನಿತ್ತು ಎಂದು ಜಗಳ ತೆಗೆದವರು ಜರ್ಮನಿಯ ಕೋಲರ್. ಮೊದಲ ಮಹಾಯುದ್ಧದ ಕಾಲದಲ್ಲಿ ಟೆನೆರಿಫ್ ದ್ವೀಪದಲ್ಲಿ ಚಿಂಪಾಂಜಿಗಳ ಜೊತೆ ಸಿಕ್ಕಿಕೊಂಡಿದ್ದವರು. ಅವರ ಸುಲ್ತಾನ್ ಎಂಬ ಚಿಂಪಾಂಜಿ ಎರಡು ಗಿಡ್ಡ ಕೋಲುಗಳನ್ನು ಒಂದರೊಳಗೊಂದು ತೂರಿಸಿ ಉದ್ದ ಮಾಡಿ ದೂರದ ಬಾಳೆಹಣ್ಣನ್ನು ಎಳೆದುಕೊಂಡದ್ದು ಪ್ರಸಿದ್ಧ ಕಥೆ. ಕಡಿಮೆ ಪ್ರಸಿದ್ಧವಾದ ಭಾಗ ಇದು: ಒಂದು ತಾಸಿಗೂ ಹೆಚ್ಚು ಹೊತ್ತು ಸುಲ್ತಾನ್ ಏನು ಮಾಡಿದರೂ ಹಣ್ಣು ಸಿಗಲಿಲ್ಲ. ಪ್ರೊಫೆಸರು ಬೇಸತ್ತು ಎದ್ದು ಹೋದರು. ಅವರು ಆಚೆ ಹೋದ ಮೇಲೆ, ಕೋಲುಗಳ ಜೊತೆ ಸುಮ್ಮನೆ ಆಟವಾಡುತ್ತಿದ್ದಾಗ ಅದಕ್ಕೆ ಹೊಳೆಯಿತು. ನೋಡಿದವನು ಪ್ರಾಣಿ ಕಾಯುವ ಆಳು. ಇನ್‌ಸ್ಪೆಕ್ಟರು ಶಾಲೆಯಿಂದ ಹೊರಟು ಗೇಟು ದಾಟಿದ ಮೇಲೆ ಎಷ್ಟು ಹುಡುಗರಿಗೆ ಉತ್ತರ ಹೊಳೆದಿದೆಯೋ ಯಾರು ಲೆಕ್ಕ ಇಟ್ಟಿದ್ದಾರೆ!

ಸ್ಕಿನ್ನರ್ ಮಾತ್ರ ಹೊಳೆಯುವುದು ಗಿಳೆಯುವುದನ್ನೆಲ್ಲ ಒಪ್ಪಿದವರಲ್ಲ. ಇಲಿ ಸನ್ನೆಕೋಲು ಒತ್ತಿತು, ಕಾಳು ಬಿತ್ತು. ಕಾಳು ಬಿತ್ತು, ಮತ್ತೆ ಒತ್ತಿತು. ಅಷ್ಟೇ. ಆದರೆ ಅವರ ದೊಡ್ಡ ಶೋಧವೊಂದು ಬಂದದ್ದು ಕೆಲಸ ಹಗುರ ಮಾಡಿಕೊಳ್ಳುವ ಆಸೆಯಿಂದ ಎಂದು ಅವರೇ ಬರೆದಿದ್ದಾರೆ. ಆ ಕಾಲದಲ್ಲಿ ಇಲಿಗಳಿಗೆ ಕೊಡುವ ಆಹಾರದ ಗುಳಿಗೆಗಳನ್ನು ಅವರೇ ಕೂತು ಮಾಡಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ಡಬ್ಬಿ ನೋಡಿದರೆ ಸೋಮವಾರ ಬೆಳಿಗ್ಗೆಯೇ ಗುಳಿಗೆ ಮುಗಿದುಹೋಗುವಂತಿತ್ತು. ವಾರದ ರಜೆ ಗುಳಿಗೆ ಉರುಳಿಸುವುದರಲ್ಲೇ ಹೋಗುತ್ತದೆ. ಒತ್ತಿದಾಗಲೆಲ್ಲ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರಾಗದೆ ಎಂದುಕೊಂಡರು. ಇಲಿಗಳು ಮುಷ್ಕರ ಹೂಡಲಿಲ್ಲ. ಸಮನಾಗಿ ಒತ್ತುತ್ತಲೇ ಹೋದವು. ಮುಂದೆ ಇದನ್ನೇ ಹಿಡಿದು ಬೆಳೆಸಿದಾಗ ತಿಳಿದದ್ದು, ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನದ ಆಸೆ ಬಿಡಿಸುವುದು ಎಲ್ಲಕ್ಕಿಂತ ಕಷ್ಟ ಎಂದು.

ನಮ್ಮ ಬಡಾವಣೆಯ ಟೀ ಅಂಗಡಿಯ ಮುಂದೆ ಒಂದು ಕಂದು ನಾಯಿಯಿದೆ. ದಿನವೂ ತಪ್ಪದೆ ಬಿಸ್ಕತ್ತು ಹಾಕುವ ರಾಯರೊಬ್ಬರಿದ್ದಾರೆ. ನಾಯಿ ಅವರು ಹಾಕಿದ್ದನ್ನು ತಿಂದು ತನ್ನ ಪಾಡಿಗೆ ಮಲಗುತ್ತದೆ, ಅವರು ಊರಿಗೆ ಹೋದರೆ ಎರಡು ದಿನ ನೋಡಿ ಮರೆಯುತ್ತದೆ. ಇನ್ನೊಬ್ಬರು ಮನಸ್ಸು ಬಂದಾಗ ಮಾತ್ರ ಹಾಕುವವರು. ಅವರನ್ನು ಅದು ಬಸ್‌ಸ್ಟಾಪಿನವರೆಗೂ ಬಿಡದೆ ಹಿಂಬಾಲಿಸುತ್ತದೆ, ಬಸ್ಸು ಹೊರಟ ಮೇಲೂ ಒಂದಿಷ್ಟು ದೂರ ಓಡುತ್ತದೆ. ಲಾಟರಿ ಅಂಗಡಿಗಳಿದ್ದ ಕಾಲದಲ್ಲಿ ಅವುಗಳ ಮುಂದೆ ನಿಲ್ಲುತ್ತಿದ್ದ ಜನರ ಮುಖದಲ್ಲಿ ಇದ್ದದ್ದು ಇದೇ ಭಕ್ತಿ. ಈಗ ಅಂಗಡಿಗಳು ಮುಚ್ಚಿವೆ, ಭಕ್ತಿ ಫೋನಿಗೆ ಬಂದಿದೆ. ಯಾರಾದರೂ ಏನಾದರೂ ಕಳಿಸಿದರೋ ಎಂದು ಐದು ನಿಮಿಷಕ್ಕೊಮ್ಮೆ ತೆರೆದು ನೋಡುತ್ತೇವೆ, ಹತ್ತರಲ್ಲಿ ಒಂಬತ್ತು ಸಲ ಗುಡ್ ಮಾರ್ನಿಂಗ್.

1948ರಲ್ಲಿ ಸ್ಕಿನ್ನರ್ ಇನ್ನೊಂದು ತುಂಟ ಪ್ರಯೋಗ ಬರೆದರು. ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಲಿ ಬಿಡಲಿ, ಹದಿನೈದು ಸೆಕೆಂಡಿಗೊಮ್ಮೆ ಕಾಳು. ಕಲಿಯಲು ಅಲ್ಲಿ ಏನೂ ಇರಲಿಲ್ಲ. ಆದರೂ ಎಂಟರಲ್ಲಿ ಆರು ಪಾರಿವಾಳಗಳು ಏನೋ ಒಂದನ್ನು ಕಲಿತೇ ಬಿಟ್ಟವು. ಒಂದು ಅಪ್ರದಕ್ಷಿಣೆ ಹಾಕತೊಡಗಿತು, ಒಂದು ಗೂಡಿನ ಮೂಲೆಗೆ ತಲೆ ಚಾಚತೊಡಗಿತು. ಮೊದಲ ಕಾಳು ಬಿದ್ದಾಗ ಅಕಸ್ಮಾತ್ತಾಗಿ ಯಾವುದು ಏನು ಮಾಡುತ್ತಿತ್ತೋ ಅದೇ ಅದರ ವ್ರತವಾಯಿತು. ಹೀಗೆಂದು ಸ್ಕಿನ್ನರ್ ಹೇಳಿದ್ದನ್ನು ಆಮೇಲಿನವರು ಪ್ರಶ್ನಿಸಿದ್ದಾರೆ. ಊಟದ ಹೊತ್ತಿಗೆ ಪಾರಿವಾಳ ಹಾಗೆಲ್ಲ ಮಾಡುವುದು ಅದರ ಹುಟ್ಟುಗುಣ ಎಂದು ಅವರ ವಾದ. ಅದು ಏನೇ ಇರಲಿ, ಪಾರಿವಾಳವನ್ನು ನೋಡಿ ನಗುವ ಹಕ್ಕು ಕ್ರಿಕೆಟ್ ನೋಡುವವರಿಗಂತೂ ಇಲ್ಲ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಉರುಳಿಸಿದಾಗ, ಅವರ ಟೋಪಿ ಸ್ವೆಟರುಗಳನ್ನು ಪ್ರತಿ ಓವರಿಗೂ ಅಂಪೈರಿನ ಕೈಗೆ ಮುಟ್ಟಿಸುತ್ತಿದ್ದವರು ಸಚಿನ್ ತೆಂಡೂಲ್ಕರ್. ಒಮ್ಮೆ ಹಾಗೆ ಕೊಟ್ಟಾಗ ವಿಕೆಟ್ ಬಿತ್ತು, ಆಮೇಲೆ ಬಿಡುವುದುಂಟೆ! ಅಷ್ಟು ದೊಡ್ಡ ಆಟಗಾರರೇ ಹೀಗಾದರೆ, ಅಂದು ನಮ್ಮ ಎದುರುಮನೆಯವರು ಐದನೇ ವಿಕೆಟ್ ಬಿದ್ದಾಗ ಮಗನನ್ನು ಬಾಗಿಲಲ್ಲಿ ಒಂದು ಕಾಲ ಮೇಲೆ ನಿಂತ ಭಂಗಿಯಲ್ಲೇ ನಿಲ್ಲಿಸಿಬಿಟ್ಟದ್ದರಲ್ಲಿ ಆಶ್ಚರ್ಯವೇನಿದೆ. ಹುಡುಗ ಹತ್ತನೇ ವಿಕೆಟ್ಟಿನವರೆಗೂ ಹಾಗೇ ನಿಂತಿದ್ದ. ನಡುವೆ ಕಾಲು ಬದಲಾಯಿಸಲು ಅನುಮತಿ ಕೇಳಿ ಬೈಸಿಕೊಂಡ.

ಸ್ಕಿನ್ನರರ ಶಿಷ್ಯರಾಗಿದ್ದ ಬ್ರೆಲಂಡ್ ದಂಪತಿ ಈ ವಿದ್ಯೆಯನ್ನೇ ವ್ಯಾಪಾರಕ್ಕೆ ಹಚ್ಚಿ, ಜಾಹೀರಾತಿಗೆ, ಜಾತ್ರೆಗೆ ಎಂದು ಬಗೆಬಗೆಯ ಪ್ರಾಣಿಗಳನ್ನು ಪಳಗಿಸಿದರು. ಅವರ ಹಂದಿಯೊಂದು ಮರದ ದೊಡ್ಡ ನಾಣ್ಯಗಳನ್ನು ಬಾಯಲ್ಲಿ ಕಚ್ಚಿ ತಂದು ಹುಂಡಿಗೆ ಹಾಕಬೇಕಿತ್ತು. ಕೆಲವು ವಾರ ಶಿಸ್ತಾಗಿ ಹಾಕಿತು. ಆಮೇಲೆ ನಾಣ್ಯವನ್ನು ದಾರಿಯಲ್ಲೇ ಕೆಡವಿ, ಮೂತಿಯಿಂದ ಅಗೆದು, ಮೇಲಕ್ಕೆ ಎಸೆದು, ಮತ್ತೆ ಅಗೆಯತೊಡಗಿತು. ಹಸಿವು ಹೆಚ್ಚಾದಷ್ಟೂ ಅಗೆತ ಹೆಚ್ಚಾಯಿತು. ಹುಂಡಿಗೆ ಹಾಕಿದರೆ ಊಟ ಸಿಗುತ್ತದೆಂದು ಗೊತ್ತಿದ್ದೂ ಅದು ಹಂದಿಯಾಗಿಯೇ ಉಳಿಯಿತು. 1961ರಲ್ಲಿ ಅವರಿದನ್ನು ಪ್ರಕಟಿಸಿದಾಗ ಗುರುಗಳಿಗೆ ಸಂತೋಷವಾಗಿರಲಾರದು. ನನಗೆ ಈ ಹಂದಿಯ ಮೇಲೆ ಗೌರವ. ಕಲಿತದ್ದನ್ನೆಲ್ಲ ಬಿಟ್ಟು ಒಂದು ದಿನ ತನ್ನ ಕುಲಕಸುಬಿಗೆ ಮರಳಿದ ಸಾಫ್ಟ್‌ವೇರ್ ಎಂಜಿನಿಯರುಗಳು ಈಗ ಮಂಡ್ಯದ ಕಡೆ ತೋಟ ಮಾಡಿಕೊಂಡು ಅಗೆಯುತ್ತಿರುವುದನ್ನು ಕಂಡಾಗಲೂ ಅದೇ ಗೌರವ ಮೂಡುತ್ತದೆ.

ಇದೆಲ್ಲ ಏನೋ ಒಂದನ್ನು ಮಾಡಲು ಕಲಿಯುವ ಮಾತಾಯಿತು. ಏನೂ ಮಾಡದಿರಲು ಕಲಿಯುವ ವಿದ್ಯೆಯನ್ನು ನೋಡಬೇಕೆಂದರೆ ದಸರೆಗೆ ಕೆಲವು ವಾರ ಮುಂಚೆ ಮೈಸೂರಿಗೆ ಹೋಗಬೇಕು. ಕಾಡಿನ ಶಿಬಿರಗಳಿಂದ ಗಜಪಯಣದಲ್ಲಿ ಬಂದ ಆನೆಗಳಿಗೆ ಭತ್ತ, ಬೆಲ್ಲ, ತೆಂಗಿನಕಾಯಿ ಹುಲ್ಲಿನಲ್ಲಿ ಸುತ್ತಿದ ಕುಸುರೆ ಕೊಟ್ಟು ದಿನಾ ನಡೆಸುತ್ತಾರೆ. ಮೊದಲು ಬರಿಮೈ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಬೆನ್ನಿಗೇರುವ ಹೊತ್ತಿಗೆ ಅದು ಹೊಸದೆನಿಸಬಾರದು. ಇವೆಲ್ಲಕ್ಕಿಂತ ಸ್ವಾರಸ್ಯದ್ದು ಕುಶಾಲತೋಪಿನ ತಾಲೀಮು. ಆನೆ ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಫಿರಂಗಿ ಹಾರಿಸುತ್ತಾರೆ. ಮೊದಲ ಸಲ ಬಂದ ಆನೆ ಬೆದರಿ ಹಿಂದಕ್ಕೆ ಸರಿಯುತ್ತದೆ, ಮಾವುತ ಕಾವಾಡಿಗಳು ಮೈ ತಟ್ಟಿ ಸಮಾಧಾನ ಮಾಡುತ್ತಾರೆ. ಹಳೆಯ ಆನೆ ಕಿವಿ ಬೀಸುತ್ತ ನಿಂತಿರುತ್ತದೆ. ಮತ್ತೊಮ್ಮೆ, ಮಗದೊಮ್ಮೆ ಹಾರಿಸಿ, ಸದ್ದು ದೊಡ್ಡದಾದರೂ ಅದರಿಂದ ಏನೂ ಆಗುವುದಿಲ್ಲವೆಂದು ಮನದಟ್ಟು ಮಾಡಿಸುವುದೇ ಪಾಠ. ಕಲಿಕೆಯಲ್ಲಿ ಇದಕ್ಕಿಂತ ಹಳೆಯ ಬಗೆಯಿಲ್ಲ. ಮೆದುಳು ಎನ್ನುವಂಥದ್ದಿರದ ಜೀವಿಗಳಲ್ಲೂ ಇದು ಕಾಣುತ್ತದೆ. ಹಾರ್ನ್ ಕೇಳಿ ದಾರಿ ಬಿಡದಿರಲು ಕಲಿತ ಬೆಂಗಳೂರಿನ ವಾಹನ ಸವಾರರಿಗೆ ಯಾವ ಅರಣ್ಯ ಇಲಾಖೆಯೂ ತಾಲೀಮು ಕೊಟ್ಟಿಲ್ಲ.

ಬಹುಮಾನವಿಲ್ಲದೆ ಕಲಿಕೆಯಿಲ್ಲ ಎಂಬ ಹಟವನ್ನು ಮುರಿದವರಲ್ಲಿ ಬರ್ಕ್ಲಿಯ ಎಡ್ವರ್ಡ್ ಟೋಲ್ಮನ್ ಸಜ್ಜನರು. ತಮ್ಮ 1932ರ ಪುಸ್ತಕವನ್ನು ಬಿಳಿ ಇಲಿಗೆ ಅರ್ಪಿಸಿದವರು. ಅವರ ಕೆಲವು ಇಲಿಗಳನ್ನು ಹತ್ತು ದಿನ ಚಕ್ರವ್ಯೂಹದಂಥ ಓಣಿಗಳಲ್ಲಿ ಸುಮ್ಮನೆ ಬಿಟ್ಟರು, ಕೊನೆಯಲ್ಲಿ ತಿನ್ನಲು ಏನೂ ಇಡಲಿಲ್ಲ. ಇಲಿಗಳು ಪೇಟೆಯಲ್ಲಿ ಕೆಲಸವಿಲ್ಲದವರಂತೆ ಅಲೆದವು. ಹನ್ನೊಂದನೇ ದಿನ ಊಟ ಇಟ್ಟರು. ಮಾರನೆಯ ದಿನ ನೋಡಿದರೆ, ಮೊದಲ ದಿನದಿಂದ ಊಟಕ್ಕಾಗಿ ಓಡಿದ ಇಲಿಗಳಷ್ಟೇ ಚೊಕ್ಕವಾಗಿ ಇವೂ ಗುರಿ ಸೇರಿದವು. ಅಲೆಯುತ್ತಲೇ ದಾರಿ ಕಲಿತಿದ್ದವು. ತೋರಿಸಲು ಕಾರಣವಿರಲಿಲ್ಲ, ಅಷ್ಟೇ. ಅಕ್ಕನಿಗೆ ಪಾಠ ಹೇಳಲು ಸಂಗೀತದ ಮೇಷ್ಟ್ರು ಮನೆಗೆ ಬರುತ್ತಿದ್ದಾಗ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ, ಎಷ್ಟೋ ವರ್ಷದ ಮೇಲೆ ಯಾರದೋ ಆರತಕ್ಷತೆಯಲ್ಲಿ ಒಂದು ಕೀರ್ತನೆಯನ್ನು ಚರಣ ಸಮೇತ ಹಾಡಿದರು. ಫೀಸು ಕಟ್ಟಿ ಕಲಿತ ಅಕ್ಕ ಶ್ರುತಿಪೆಟ್ಟಿಗೆ ಒತ್ತಿದಳು.

ಕೊನೆಯದಾಗಿ ಜಪಾನಿನ ಕೋಶಿಮಾ ದ್ವೀಪದ ಕೋತಿಗಳ ವಿಷಯ. 1952ರ ಸುಮಾರಿಗೆ ಸಂಶೋಧಕರು ಕೋತಿಗಳನ್ನು ಕಾಡಿನಿಂದ ಬಯಲಿಗೆ ಕರೆಸಿ ನೋಡಲೆಂದು ಸಮುದ್ರತೀರದಲ್ಲಿ ಗೆಣಸು ಹಾಕತೊಡಗಿದರು. ಯಾರಿಗೂ ಏನನ್ನೂ ಕಲಿಸುವ ಉದ್ದೇಶ ಅವರಿಗಿರಲಿಲ್ಲ. 1953ರಲ್ಲಿ ಇಮೋ ಎಂದು ಅವರು ಹೆಸರಿಟ್ಟಿದ್ದ ಒಂದೂವರೆ ವರ್ಷದ ಹೆಣ್ಣುಮರಿಯೊಂದು, ಮರಳು ಮೆತ್ತಿದ ಗೆಣಸನ್ನು ನೀರಿಗೆ ಒಯ್ದು ತೊಳೆದು ತಿಂದಿತು. ಅದರ ಜೊತೆಯ ಮರಿಗಳು ಕಲಿತವು, ಅದರ ತಾಯಿ ಕಲಿತಳು. 1956ರಲ್ಲಿ ಅದೇ ಇಮೋ, ಮರಳಿನಲ್ಲಿ ಚೆಲ್ಲಿದ ಗೋಧಿಯನ್ನು ಒಂದೊಂದಾಗಿ ಹೆಕ್ಕುವ ಬದಲು ಮರಳು ಸಮೇತ ಬಾಚಿ ನೀರಿಗೆ ಹಾಕಿತು. ಮರಳು ಮುಳುಗಿತು, ಗೋಧಿ ತೇಲಿತು. ಇಮೋ ಮೊದಲ ಗೆಣಸು ತೊಳೆದ ಐದು ವರ್ಷಕ್ಕೆ ಹಿಂಡಿನ ಎಳೆಯರಲ್ಲಿ ಹತ್ತೊಂಬತ್ತಕ್ಕೆ ಹದಿನೈದು ಕೋತಿಗಳು ಗೆಣಸು ತೊಳೆಯುತ್ತಿದ್ದವು. ದೊಡ್ಡವುಗಳಲ್ಲಿ ಹನ್ನೊಂದಕ್ಕೆ ಎರಡೇ, ಅವೆರಡೂ ಹೆಣ್ಣು. ಹಿಂಡಿನ ಯಜಮಾನರಾದ ದೊಡ್ಡ ಗಂಡುಗಳು ಮರಿಗಳ ಹತ್ತಿರ ಸುಳಿಯುವುದೇ ಅಪರೂಪ. ಹಾಗಾಗಿ ಮರಳು ಮೆತ್ತಿದ್ದನ್ನೇ ಗಂಭೀರವಾಗಿ ಅಗಿಯುತ್ತ ಕೂತಿದ್ದವು.

ನಮ್ಮ ಮನೆಯಲ್ಲಿ ಫೋನಿನಿಂದ ದುಡ್ಡು ಕೊಡುವ ವಿದ್ಯೆಯೂ ಹೀಗೇ ಹರಡಿತು. ಮೊಮ್ಮಗಳಿಂದ ಸೊಸೆಗೆ, ಸೊಸೆಯಿಂದ ನನ್ನ ಹೆಂಡತಿಗೆ, ಅವಳಿಂದ ಅವಳ ತಂಗಿಗೆ, ಕೆಲಸಕ್ಕೆ ಬರುವ ಹುಡುಗಿಗೆ. ನನ್ನ ಜೇಬಿನಲ್ಲಿ ಮಾತ್ರ ಈಗಲೂ ನೋಟು. ಸಂಜೆ ತರಕಾರಿ ತರಲು ಹೋದರೆ ಅಂಗಡಿಯವನು ಚಿಲ್ಲರೆ ಇಲ್ಲವೆಂದು ಗಲ್ಲಾಪೆಟ್ಟಿಗೆ ಅಲ್ಲಾಡಿಸಿ, ಉಳಿದ ಹಣಕ್ಕೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಚೀಲಕ್ಕೆ ಹಾಕುತ್ತಾನೆ. ಒಂದೊಂದು ದಿನ ಪುದೀನ. ಎಂದಾದರೊಮ್ಮೆ ಮನಸ್ಸು ಬಂದರೆ ಎರಡು ನಿಂಬೆಹಣ್ಣು. ಇವತ್ತು ಏನು ಕೊಟ್ಟಾನು ಎಂದು ದಾರಿಯುದ್ದಕ್ಕೂ ಕುತೂಹಲವಿರುತ್ತದೆ. ಹೋದ ವಾರ ಮೊಮ್ಮಗಳು ಕೂರಿಸಿಕೊಂಡು ಸ್ಕ್ಯಾನ್ ಮಾಡುವುದನ್ನು ಹೇಳಿಕೊಟ್ಟಳು. "ಗೊತ್ತಾಯ್ತಾ ತಾತಾ?" ಎಂದಳು. ಹೂಂ ಎಂದೆ. ಮಾರನೆಯ ಸಂಜೆ ಚೀಲ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಹೆಂಡತಿ ಅದರೊಳಗೆ ಕೈ ಹಾಕಿ ನೋಡಿ, "ಇವತ್ತೂ ಕೊತ್ತಂಬರೀನಾ!" ಎಂದಳು. "ಇಲ್ಲ, ತಳದಲ್ಲಿ ನೋಡು, ನಿಂಬೆಹಣ್ಣು ಕೊಟ್ಟಿದ್ದಾನೆ" ಎಂದೆ.